ಬೈಕೋ ಬೀರೂನೋ? ಲಾಂಗ್ ರೈಡ್ ಸಾಮಾನಿನ ತೊಂಬತ್ತು ವರ್ಷದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ಮೆಟ್ರೋದಲ್ಲಿ ಒಂದು ಕೈಯಲ್ಲಿ ಹಿಡ್ಕೊಂಡು ನಿಂತಿರೋರಿಗೆ, ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ ಎಲ್ಲರಿಗೂ ಸ್ವಾಗತ. ಬೈಕ್ ಓಡಿಸ್ತಾ ಕೇಳ್ತಿದ್ದೀರಾ ಅಂದ್ರೆ ಮಾತ್ರ ಪಕ್ಕಕ್ಕೆ ಹಾಕಿ, ನಿಲ್ಲಿಸಿ, ಆಮೇಲೆ ಕೇಳಿ. ಇವತ್ತಿನ ವಿಷಯವೇ ಅದು, ಬೈಕು.

ಹೋದ ವರ್ಷ ಅಕ್ಟೋಬರ್‌ನಲ್ಲಿ ನಾನು ಒಂದು ಕೆಲಸ ಮಾಡಿದೆ. ನಮ್ಮ ರಸ್ತೆ ತುದಿಯ ದಿನಸಿ ಅಂಗಡಿಗೆ ಎರಡು ಅಲ್ಯೂಮಿನಿಯಂ ಡಬ್ಬಿ, ಒಂದು ಟಾಪ್ ಬಾಕ್ಸ್, ಒಂದು ಟೂಲ್ ಬ್ಯಾಗ್ ತಗೊಂಡು ಹೋಗಿ, ಅಕ್ಕಿ ಮೂಟೆ ತೂಗೋ ತಕ್ಕಡಿ ಮೇಲೆ ಇಟ್ಟು ತೂಗಿಸಿದೆ. ಒಳಗಿನ ಸಾಮಾನೆಲ್ಲ ಸೇರಿ 43 ಕೆಜಿ. ಅಂಗಡಿಯವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು, ಕೊನೆಗೆ ನನ್ನ ಎಡಗಾಲಿನ ಪ್ಲಾಸ್ಟರ್ ನೋಡಿದರು. ಏನೂ ಕೇಳಲಿಲ್ಲ. ಆ ಪ್ಲಾಸ್ಟರ್ ಹೇಗೆ ಬಂತು ಅಂತ ಆಮೇಲೆ ಹೇಳ್ತೀನಿ.

ಆರು ವಾರ ಮನೇಲಿ ಕಾಲು ಚಾಚಿ ಕೂತಿದ್ದಾಗ ನನ್ನ ತಲೆ ತಿಂದ ಪ್ರಶ್ನೆ ಒಂದೇ. ಲಾಂಗ್ ರೈಡ್ ಅಂದ್ರೆ ಇಷ್ಟೆಲ್ಲ ಕಟ್ಟಿಕೊಂಡು ಹೋಗಬೇಕು ಅಂತ ಮೊದಲು ಯಾರು ಹೇಳಿದ್ದು? ನಾನು ಓದಿದ್ದು ಬಿ.ಕಾಂ. ಎಲ್ಲಿ ಖರ್ಚು ಕಾಣುತ್ತೋ ಅಲ್ಲಿ ನನಗೆ ಅದರ ಹಿಂದಿನ ಎಂಟ್ರಿ ಹುಡುಕೋ ಚಾಳಿ. ಹಾಗೆ ಹುಡುಕ್ತಾ ಹೋದರೆ 1932ಕ್ಕೆ ಹೋಗಿ ನಿಂತೆ.

ಲಂಡನ್. ಒಂದು ಊಟದ ಕೂಟ. ರಾಬರ್ಟ್ ಎಡಿಸನ್ ಫುಲ್ಟನ್ ಜೂನಿಯರ್ ಅಂತ ಒಬ್ಬ ಅಮೆರಿಕನ್ ಹುಡುಗ, ಇಪ್ಪತ್ತಮೂರರ ಪ್ರಾಯ, ವಿಯೆನ್ನಾದಲ್ಲಿ ಆರ್ಕಿಟೆಕ್ಚರ್ ಓದು ಮುಗಿಸಿ ಬಂದಿದ್ದ. ಊರಿಗೆ ಯಾವಾಗ ಹಡಗು ಹತ್ತುತ್ತೀಯಪ್ಪ ಅಂತ ಯಾರೋ ಕೇಳಿದರು. ಇವನು ಬಾಯಿಗೆ ಬಂದಂತೆ, ಇಲ್ಲ, ನಾನು ಮೋಟರ್‌ಸೈಕಲ್‌ನಲ್ಲಿ ಪ್ರಪಂಚ ಸುತ್ತಿಕೊಂಡು ಹೋಗ್ತೀನಿ ಅಂದುಬಿಟ್ಟ. ನಮ್ಮಲ್ಲೂ ಇಂಥವರು ಇದ್ದಾರೆ, ಮದುವೆ ಮನೇಲಿ ಕೊಚ್ಚಿಕೊಳ್ಳೋರು. ವ್ಯತ್ಯಾಸ ಏನಂದ್ರೆ, ಆ ಮೇಜಿನಲ್ಲೇ ಡಗ್ಲಸ್ ಮೋಟರ್‌ಸೈಕಲ್ ಕಂಪನಿಗೆ ಸಂಬಂಧಪಟ್ಟವರೊಬ್ಬರು ಕೂತಿದ್ದರು. ಬೈಕ್ ನಾವು ಕೊಡ್ತೀವಿ ಅಂದರು. ಹುಡುಗ ಸಿಕ್ಕಿಹಾಕಿಕೊಂಡ.

ಆ ಡಗ್ಲಸ್ ಬೈಕನ್ನು ಅವರು ಸಜ್ಜು ಮಾಡಿದ ರೀತಿ ಕೇಳಿ. ಬೈಕಿನ ಟೈರ್ ತೆಗೆದು ಕಾರಿನ ಟೈರ್ ಹಾಕಿದರು. ಬೈಕಿನ ಟೈರ್ ಎಲ್ಲ ಊರಲ್ಲಿ ಸಿಗೋದಿಲ್ಲ, ಕಾರಿನದು ಸಿಗಬಹುದು ಅನ್ನೋ ಲೆಕ್ಕ. ಹೆಚ್ಚಿನ ಪೆಟ್ರೋಲಿಗೆ ಇನ್ನೊಂದು ಟ್ಯಾಂಕ್. ಎಂಜಿನ್ ಅಡಿಯ ರಕ್ಷಣಾ ತಗಡಿಗೂ ಎಂಜಿನ್ನಿಗೂ ನಡುವಿನ ಜಾಗದಲ್ಲಿ ಒಂದು ರಿವಾಲ್ವರ್ ಬಚ್ಚಿಟ್ಟ. ಇದರ ಜೊತೆ ಮೂವಿ ಕ್ಯಾಮೆರಾ. ದಾರಿಯುದ್ದಕ್ಕೂ ಅವನು ತೆಗೆದ ಫಿಲ್ಮ್ 40,000 ಅಡಿ, ಅಂದ್ರೆ ಹನ್ನೆರಡು ಕಿಲೋಮೀಟರ್ ಉದ್ದ. ಮೊದಲ ರೀಲ್ಸ್ ಮಾಡಿದವನು ಇವನೇ ಅನ್ನಿ ಬೇಕಾದ್ರೆ. ಟರ್ಕಿ, ಇರಾಕ್, ಅಫ್ಘಾನಿಸ್ತಾನ ದಾಟಿ, ಆಗಿನ ಬ್ರಿಟಿಷ್ ಇಂಡಿಯಾಕ್ಕೂ ಬಂದು, ಮುಂದೆ ಚೀನಾ, ಜಪಾನ್ ಮುಗಿಸಿ, ಒಂದೂವರೆ ವರ್ಷ ಆದಮೇಲೆ 1933ರ ಕ್ರಿಸ್‌ಮಸ್ ಹಿಂದಿನ ದಿನ ನ್ಯೂಯಾರ್ಕ್ ಮುಟ್ಟಿದ. ಸುಮಾರು 25,000 ಮೈಲಿ. ಬಚ್ಚಿಟ್ಟ ರಿವಾಲ್ವರ್ ಒಂದು ಸಲವೂ ಉಪಯೋಗಕ್ಕೆ ಬರಲಿಲ್ಲ.

ಇದನ್ನ ನೆನಪಿಟ್ಟುಕೊಳ್ಳಿ. ಮೊದಲ ಲಿಸ್ಟ್‌ನಲ್ಲೇ ಎರಡು ಥರದ ಸಾಮಾನು ಇದೆ. ಕಾರಿನ ಟೈರ್ ಅನ್ನೋದು ದಾರಿಯಲ್ಲಿ ಸಿಗೋ ಜನರನ್ನ, ಅಂಗಡಿಯನ್ನ ನಂಬಿ ಮಾಡಿದ ತಯಾರಿ. ರಿವಾಲ್ವರ್ ಅನ್ನೋದು ಅದೇ ಜನರಿಗೆ ಹೆದರಿ ಮಾಡಿದ ತಯಾರಿ. ನನ್ನ 43 ಕೆಜಿಯಲ್ಲೂ ಎರಡೂ ಇತ್ತು. ರಿವಾಲ್ವರ್ ಇರಲಿಲ್ಲ ಬಿಡಿ. ಆದರೆ ಆ ಜಾತಿಯ ಸಾಮಾನು ತುಂಬಾ ಇತ್ತು.

ಆಮೇಲೆ ಸುಮಾರು ಮೂವತ್ತೈದು ವರ್ಷ ಬೈಕ್ ಅಂದ್ರೆ ಬೈಕ್. ಮಣ್ಣು ರಸ್ತೆಗೆ ಬೇರೆ, ಟಾರು ರಸ್ತೆಗೆ ಬೇರೆ ಅಂತ ಕಂಪನಿಗಳು ದೊಡ್ಡ ಪ್ರಮಾಣದಲ್ಲಿ ಮಾಡ್ತಿರಲಿಲ್ಲ. ಅಮೆರಿಕದಲ್ಲಿ ರೋಡ್ ಬೈಕಿಗೇ ಸೈಲೆನ್ಸರ್ ಮೇಲೆತ್ತಿ, ಅಗಲ ಹ್ಯಾಂಡಲ್ ಹಾಕಿ ಸ್ಕ್ರ್ಯಾಂಬ್ಲರ್ ಅಂತ ಮಾರ್ತಿದ್ರು. 1968ರಲ್ಲಿ ಯಮಹಾ ಡಿಟಿ-1 ಬಂತು. 250 ಸಿಸಿ, ಟೂ-ಸ್ಟ್ರೋಕ್, ಒಂದೇ ಸಿಲಿಂಡರ್, ಸುಮಾರು 110 ಕೆಜಿ. ಹೆಡ್‌ಲೈಟ್, ನಂಬರ್ ಪ್ಲೇಟ್ ಎಲ್ಲ ಇದೆ, ಆಫೀಸಿಗೆ ಹೋಗಬಹುದು. ಭಾನುವಾರ ಕಾಡಿಗೂ ನುಗ್ಗಬಹುದು. ಅಮೆರಿಕದಲ್ಲಿ ಬಿಸಿ ಬಜ್ಜಿ ಥರ ಖರ್ಚಾಯ್ತು. ಇವತ್ತು ನಾವು ಡ್ಯುಯಲ್-ಸ್ಪೋರ್ಟ್ ಅನ್ನೋ ಜಾತಿ ಶುರುವಾದದ್ದು ಅಲ್ಲಿಂದ ಅಂತ ಹೇಳಬಹುದು. ಗಮನಿಸಿ, ಅದಕ್ಕೆ ಡಬ್ಬಿ ಕಟ್ಟೋಕೆ ಜಾಗವೇ ಇರಲಿಲ್ಲ. ಹಗುರ ಇರೋದೇ ಅದರ ಬಂಡವಾಳ.

ಈಗ 1973ಕ್ಕೆ ಬನ್ನಿ. ಈ ವರ್ಷ ನನಗೆ ಭಾರೀ ಇಷ್ಟ. ಒಂದೇ ವರ್ಷದಲ್ಲಿ ಇಬ್ಬರು ಹೊರಟರು, ಒಬ್ಬರಿಗೆ ಇನ್ನೊಬ್ಬರು ಗೊತ್ತಿಲ್ಲ.

ಒಬ್ಬಾಕೆ ಆನ್-ಫ್ರಾನ್ಸ್ ದೋತ್‌ವಿಲ್. ಪ್ಯಾರಿಸ್‌ನಲ್ಲಿ ಜಾಹೀರಾತು ಬರೆಯೋ ಕೆಲಸ ಮಾಡ್ತಿದ್ದವರು. ಹಿಂದಿನ ವರ್ಷ ಒಂದು ಗುಂಪಿನ ಜೊತೆ 750 ಸಿಸಿ ಮೋಟೊ ಗುಜ್ಜಿಯಲ್ಲಿ ಇರಾನ್ ಕಡೆ ಹೋಗಿ ಬಂದಿದ್ದರು. ಈ ಸಲ ಒಬ್ಬರೇ ಹೊರಟರು. ತಗೊಂಡ ಬೈಕ್ ಯಾವುದು ಗೊತ್ತಾ? ಕವಾಸಕಿ 125. ನೂರ ಇಪ್ಪತ್ತೈದು ಸಿಸಿ, ನಮ್ಮ ಕಾಲೇಜ್ ಪಾರ್ಕಿಂಗ್‌ನಲ್ಲಿ ನಿಲ್ಲಿಸಿರ್ತಾರಲ್ಲ ಅಷ್ಟೇ. ಕೆನಡಾ, ಅಲಾಸ್ಕ, ಜಪಾನ್, ಭಾರತ, ಅಫ್ಘಾನಿಸ್ತಾನ ಅಂತ ಸುತ್ತಿ ಸುಮಾರು 20,000 ಕಿಲೋಮೀಟರ್ ಓಡಿಸಿ ಮನೆ ಸೇರಿದರು. ಒಬ್ಬಳೇ ಹೆಣ್ಣುಮಗಳು ಬೈಕಿನಲ್ಲಿ ಜಗತ್ತು ಸುತ್ತಿದ್ದು ಅದೇ ಮೊದಲು ಅಂತ ಇವತ್ತು ಗುರುತಿಸ್ತಾರೆ. ದೊಡ್ಡ ಬೈಕ್ ಓಡಿಸಿ ಅಭ್ಯಾಸ ಇದ್ದವರು ಬೇಕು ಅಂತಲೇ ಸಣ್ಣ ಬೈಕಿಗೆ ಇಳಿದರು. ಬಿದ್ದರೆ ಒಬ್ಬರೇ ಎತ್ತಿಕೊಳ್ಳಬಹುದು. 2016ರಲ್ಲಿ ಕ್ಲೋಯೆ ಅನ್ನೋ ಫ್ಯಾಷನ್ ಕಂಪನಿ ಇವರ ಹಳೇ ಫೋಟೋಗಳನ್ನ ನೋಡಿ ಒಂದು ಇಡೀ ಕಲೆಕ್ಷನ್ ಮಾಡಿತು. ಆ ಜಾಕೆಟ್‌ಗಳ ಬೆಲೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ 125 ಬರುತ್ತೇನೋ.

ಇನ್ನೊಬ್ಬರು ಟೆಡ್ ಸೈಮನ್. ಬ್ರಿಟಿಷ್ ಪತ್ರಕರ್ತ, ಆಗಲೇ ನಲವತ್ತು ದಾಟಿತ್ತು. ಜಗತ್ತು ಸುತ್ತಬೇಕು ಅಂತ ತೀರ್ಮಾನ ಮಾಡಿದಾಗ ಅವರ ಹತ್ತಿರ ಬೈಕ್ ಲೈಸೆನ್ಸೂ ಇರಲಿಲ್ಲ. ಸಂಡೇ ಟೈಮ್ಸ್ ಪತ್ರಿಕೆ ಬೆಂಬಲ ಕೊಟ್ಟಿತು. ಬೈಕು 500 ಸಿಸಿ ಟ್ರಯಂಫ್ ಟೈಗರ್ 100. ಅದು ತಯಾರಾಗುತ್ತಿದ್ದ ಮೆರಿಡನ್ ಕಾರ್ಖಾನೆಯನ್ನ ಮುಚ್ತೀವಿ ಅಂತ ಮಾಲೀಕರು ಹೇಳಿದ್ದಕ್ಕೆ, ಅದೇ ಸೆಪ್ಟೆಂಬರ್‌ನಲ್ಲಿ ಕಾರ್ಮಿಕರು ಗೇಟಿಗೆ ಅಡ್ಡ ಕೂತಿದ್ದರು. ಅಂದ್ರೆ ಸೈಮನ್ ಹೊರಟಾಗ ಅವರ ಬೈಕ್ ಮಾಡಿದ ಕಾರ್ಖಾನೆಗೇ ಬೀಗ ಬೀಳೋ ಸ್ಥಿತಿ. ಹೊರಟ ದಿನ 1973ರ ಅಕ್ಟೋಬರ್ 6, ಅವತ್ತೇ ಅರಬ್-ಇಸ್ರೇಲ್ ಯುದ್ಧ ಶುರು, ಇವರು ಹೋಗಬೇಕಾದದ್ದು ಈಜಿಪ್ಟ್ ಕಡೆಗೆ. ಟೈಮಿಂಗ್ ಅಂದ್ರೆ ಇದು.

ನಾಲ್ಕು ವರ್ಷ, 45 ದೇಶ, 60,000ಕ್ಕೂ ಹೆಚ್ಚು ಮೈಲಿ. ಬ್ರೆಜಿಲ್‌ನಲ್ಲಿ ಬೇಹುಗಾರ ಅಂತ ಅನುಮಾನಪಟ್ಟು ಪೊಲೀಸರು ಹಿಡಿದು ಕೂರಿಸಿದರು. ಭಾರತದಲ್ಲಿ ಒಬ್ಬ ಜ್ಯೋತಿಷಿ ನೀನು ಗುರು ಗ್ರಹ ಇದ್ದ ಹಾಗೆ ಅಂದಿದ್ದೇ ಆಮೇಲೆ 1979ರ ಅವರ ಪುಸ್ತಕದ ಹೆಸರಾಯಿತು. ಆ ಪುಸ್ತಕ ಓದಿ ಬೈಕ್ ಹತ್ತಿದವರು ಲೆಕ್ಕವಿಲ್ಲ. ಸೈಮನ್ ಹೇಳ್ತಾ ಬಂದಿರೋ ಒಂದು ಮಾತಿದೆ, ನನ್ನ ಮಾತಲ್ಲಿ ಹೇಳ್ತೀನಿ: ಬೈಕ್ ಕೆಟ್ಟು ನಿಂತಾಗಲೇ ಜನ ಸಿಕ್ಕಿದ್ದು, ಎಲ್ಲ ಸರಿಯಾಗಿ ಓಡ್ತಿದ್ದಿದ್ರೆ ಯಾರೂ ಸಿಕ್ತಿರಲಿಲ್ಲ. ಆಸ್ಪತ್ರೆ ಮಂಚದ ಮೇಲೆ ಇದನ್ನ ಓದಿದಾಗ ನನಗೆ ಸಿಟ್ಟು ಬಂತು, ನಿಜ ಹೇಳಬೇಕಂದ್ರೆ. ಕಾಲು ಮುರಿದುಕೊಂಡವನಿಗೆ ಹೇಳೋ ಮಾತಾ ಇದು ಅಂತ. ಆಮೇಲೆ ಇನ್ನೊಂದು ಗೊತ್ತಾಯ್ತು. 2001ರಲ್ಲಿ, ಎಪ್ಪತ್ತರ ಹತ್ತಿರ ಬಂದಾಗ, ಅವರು ಅದೇ ದಾರೀಲಿ ಮತ್ತೆ ಹೊರಟರು. ಈ ಸಲ ಬಿಎಂಡಬ್ಲ್ಯೂ, ಹೆಚ್ಚು ಭಾರ. ಕೀನ್ಯಾದಲ್ಲಿ ಬಿದ್ದು ಕಾಲು ಮುರಿದುಕೊಂಡರು. ವಾಸಿಯಾದ ಮೇಲೆ ಮುಂದೆ ಹೋದರು. ಸಿಟ್ಟು ಇಳೀತು.

ಇಲ್ಲಿವರೆಗೆ ಬಂದವರೆಲ್ಲ ತಮಗೆ ಬೇಕಾದ್ದನ್ನ ಹೊಂದಿಸಿಕೊಂಡವರು. ಅಂಗಡಿಗೆ ಹೋಗಿ ಲಾಂಗ್ ರೈಡ್ ಬೈಕ್ ಕೊಡಿ ಅಂತ ಕೇಳಿದರೆ ಅಂಥದ್ದು ಇರಲಿಲ್ಲ. ಅದು ಬಂದದ್ದು ಮರಳುಗಾಡಿನಿಂದ. 1977ರಲ್ಲಿ ಥಿಯೆರಿ ಸಬೀನ್ ಅನ್ನೋ ಫ್ರೆಂಚ್ ಬೈಕ್ ಸವಾರ ಅಬಿಜಾನ್-ನೀಸ್ ರ್‍ಯಾಲಿಯಲ್ಲಿ ಲಿಬಿಯಾದ ಮರಳಲ್ಲಿ ದಾರಿ ತಪ್ಪಿ ಸಾಯೋ ಹಂತಕ್ಕೆ ಹೋಗಿ ಬದುಕಿ ಬಂದ. ಬಂದವನು ಸುಮ್ಮನಿರಲಿಲ್ಲ, ಪ್ಯಾರಿಸ್-ಡಕಾರ್ ರ್‍ಯಾಲಿ ಶುರು ಮಾಡಿದ. 1978ರ ಡಿಸೆಂಬರ್ 26ಕ್ಕೆ ಮೊದಲ ರ್‍ಯಾಲಿ ಹೊರಟಿತು. ಬೈಕ್ ವಿಭಾಗದಲ್ಲಿ ಗೆದ್ದವನು ಸಿರಿಲ್ ನೆವು, ಯಮಹಾ ಎಕ್ಸ್‌ಟಿ 500 ಮೇಲೆ. ಮರುವರ್ಷವೂ ಅವನೇ.

ಸಹಾರಾದಲ್ಲಿ ಪೆಟ್ರೋಲ್ ಬಂಕ್ ಇಲ್ಲ. ಹಾಗಾಗಿ ಟ್ಯಾಂಕ್ ಊದಿಕೊಂಡವು. ಯಮಹಾ 1983ರ ಹೊತ್ತಿಗೆ ಎಕ್ಸ್‌ಟಿ 600 ಟೆನೆರೆ ಅಂತ ಮಾರಾಟಕ್ಕೇ ಬಿಟ್ಟಿತು, ಸಹಾರಾದ ಒಂದು ಭಾಗದ ಹೆಸರು ಅದು, ಟ್ಯಾಂಕ್ ಸುಮಾರು 30 ಲೀಟರ್. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತೆ ಅಂದುಕೊಳ್ಳಿ, ತುಂಬಿಸಿದರೆ ಟ್ಯಾಂಕಲ್ಲೇ 22 ಕೆಜಿ ಮೇಲೆ. ಯುರೋಪಿನಲ್ಲಿ ಅದನ್ನ ಕೊಂಡವರಲ್ಲಿ ಎಷ್ಟು ಜನ ಮರಳುಗಾಡು ನೋಡಿರಬಹುದು? ನಮ್ಮಲ್ಲಿ ಫೋರ್-ವೀಲ್ ಡ್ರೈವ್ ಗಾಡಿ ತಗೊಂಡು ಮಕ್ಕಳನ್ನ ಸ್ಕೂಲಿಗೆ ಬಿಡೋರು ಇಲ್ವಾ, ಹಾಗೆ.

ಇನ್ನೊಂದು ಕಡೆ ಬಿಎಂಡಬ್ಲ್ಯೂ. ಎಪ್ಪತ್ತರ ದಶಕದ ಕೊನೆಗೆ ಅದರ ಬೈಕ್ ವಿಭಾಗದ ಸ್ಥಿತಿ ಸರಿಯಿರಲಿಲ್ಲ, ಮುಚ್ಚಬೇಕಾ ಅನ್ನೋ ಮಾತು ಇತ್ತು. ಜಪಾನಿನ ಬೈಕ್‌ಗಳು ಮಾರುಕಟ್ಟೆ ತಿಂದುಹಾಕ್ತಿದ್ದವು. 1980ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಆರ್80 ಜಿ/ಎಸ್ ತೋರಿಸಿದರು. ಜಿ ಅಂದ್ರೆ ಜರ್ಮನ್‌ನಲ್ಲಿ ಕಾಡುಮೇಡು, ಎಸ್ ಅಂದ್ರೆ ರಸ್ತೆ. 800 ಸಿಸಿ ಹತ್ತಿರ, 50 ಹಾರ್ಸ್‌ಪವರ್, ಪೆಟ್ರೋಲ್ ತುಂಬಿ 186 ಕೆಜಿ. ಮಣ್ಣಲ್ಲಿ ಓಡೋ ಬೈಕ್ ಇಷ್ಟು ದಪ್ಪ ಇರುತ್ತಾ ಅಂತ ನಕ್ಕವರಿದ್ದರು. ಆದರೆ ಚೈನ್ ಇಲ್ಲ, ಶಾಫ್ಟ್. ಹಿಂದಿನ ಚಕ್ರಕ್ಕೆ ಒಂದೇ ಪಕ್ಕದಲ್ಲಿ ತೋಳು, ಕಾರಿನ ಚಕ್ರದ ಹಾಗೆ ನಟ್ ಬಿಚ್ಚಿ ತೆಗೀಬಹುದು. ಮರುವರ್ಷವೇ ಉಬೇರ್ ಓರಿಯೋಲ್ ಇದರ ಮೇಲೆ ಡಕಾರ್ ಗೆದ್ದ. 1983, 84, 85ರಲ್ಲೂ ಬಿಎಂಡಬ್ಲ್ಯೂನೇ. ಆಮೇಲೆ 32 ಲೀಟರ್ ಟ್ಯಾಂಕಿನ ಪ್ಯಾರಿಸ್-ಡಕಾರ್ ಮಾಡೆಲ್ ಬಂತು. ಅಕೌಂಟ್ಸ್ ಭಾಷೇಲಿ ಹೇಳಬೇಕಂದ್ರೆ, ಮುಚ್ಚೋ ವಿಭಾಗವನ್ನ ಒಂದು ಪ್ರಾಡಕ್ಟ್ ಎತ್ತಿ ನಿಲ್ಲಿಸಿತು. ಹೆಲ್ಗೆ ಪೆಡರ್ಸನ್ ಅನ್ನೋ ನಾರ್ವೆಯವರು ಓಲ್ಗಾ ಅಂತ ಹೆಸರಿಟ್ಟ ಒಂದು ಜಿ/ಎಸ್‌ನಲ್ಲಿ 1982ರಿಂದ ಹತ್ತು ವರ್ಷ 77 ದೇಶ ಸುತ್ತಿದರು. ಬೈಕ್ ಗಟ್ಟಿ ಇತ್ತು ಅನ್ನೋದಕ್ಕೆ ಇನ್ನೇನು ಬೇಕು.

ಸರಿ. ಈಗ ಡಬ್ಬಿ ವಿಷಯ. ನಾನು ಈ ಸಂಚಿಕೆ ಮಾಡಿದ್ದೇ ಇವರಿಗೋಸ್ಕರ: ಎಲ್ಸ್‌ಪೆತ್ ಬಿಯರ್ಡ್.

1982. ಲಂಡನ್ನಿನಲ್ಲಿ ಆರ್ಕಿಟೆಕ್ಚರ್ ವಿದ್ಯಾರ್ಥಿನಿ. ಇಪ್ಪತ್ತಮೂರರ ಆಸುಪಾಸು. ಪಬ್‌ನಲ್ಲಿ ಕೆಲಸ ಮಾಡಿ ಉಳಿಸಿದ ದುಡ್ಡು. ಬೈಕು 1974ರ ಬಿಎಂಡಬ್ಲ್ಯೂ ಆರ್60/6. ಆಗ ಜಿ/ಎಸ್ ಬಂದು ಎರಡು ವರ್ಷ ಆಗಿತ್ತು, ಆದರೆ ಹೊಸದು ಕೊಳ್ಳೋ ಶಕ್ತಿ ಎಲ್ಲಿ? ಇರೋದು ಸೆಕೆಂಡ್ ಹ್ಯಾಂಡ್ ರೋಡ್ ಬೈಕು, ಅದರಲ್ಲೇ ಹೊರಟರು. ಬೈಕನ್ನ ನ್ಯೂಯಾರ್ಕಿಗೆ ಹಡಗಲ್ಲಿ ಕಳಿಸಿ, ಅಮೆರಿಕ ದಾಟಿ, ನ್ಯೂಜಿಲೆಂಡ್ ಮುಗಿಸಿ, ಸಿಡ್ನಿಗೆ ಬರೋ ಹೊತ್ತಿಗೆ ದುಡ್ಡು ಖಾಲಿ. ಸಿಡ್ನಿಯಲ್ಲಿ ಒಂದು ಆರ್ಕಿಟೆಕ್ಟ್ ಆಫೀಸಲ್ಲಿ ಏಳು ತಿಂಗಳು ಕೆಲಸ. ಇದ್ದದ್ದು ಒಂದು ಗ್ಯಾರೇಜಿನಲ್ಲಿ. ಆ ಗ್ಯಾರೇಜಿನಲ್ಲಿ ಕೂತು ಅಲ್ಯೂಮಿನಿಯಂ ಶೀಟ್ ಮಡಚಿ, ರಿವೆಟ್ ಹೊಡೆದು, ಬೀಗ ಹಾಕೋ ಹಾಗೆ ತಾವೇ ಪೆಟ್ಟಿಗೆ ಮಾಡಿಕೊಂಡರು. ಎರಡು ಪಕ್ಕಕ್ಕೆ, ಒಂದು ಮೇಲಕ್ಕೆ.

ಇವತ್ತು ಅಲ್ಯೂಮಿನಿಯಂ ಡಬ್ಬಿ ಅಂದ್ರೆ ಒಂದು ಥರ ಸ್ಟೇಟಸ್. ಅದರ ಮೇಲೆ ಅಂಟಿಸಿದ ಸ್ಟಿಕ್ಕರ್ ಎಣಿಸ್ತಾರೆ. ಎಲ್ಸ್‌ಪೆತ್ ಮಾಡಿದ್ದು ಸ್ಟೈಲಿಗಲ್ಲ. ಒಬ್ಬಳೇ ಹುಡುಗಿ, ಬೈಕ್ ಒಂದು ಕಡೆ ನಿಲ್ಲಿಸಿ ತರಕಾರಿ ತರೋಕೆ ಹೋದರೂ ಸಾಮಾನು ಯಾರಾದರೂ ಎತ್ತಿಕೊಂಡು ಹೋದರೆ ಪ್ರವಾಸವೇ ಮುಗೀತು. ಬಟ್ಟೆ ಚೀಲಕ್ಕೆ ಬೀಗ ಹಾಕೋಕಾಗಲ್ಲ. ಅದಕ್ಕೆ ಪೆಟ್ಟಿಗೆ. ಆಸ್ಟ್ರೇಲಿಯಾದಲ್ಲಿ ಟೌನ್ಸ್‌ವಿಲ್ ಹತ್ತಿರ ಮಣ್ಣು ರಸ್ತೇಲಿ ಪಲ್ಟಿ ಹೊಡೆದು ಎರಡು ವಾರ ಆಸ್ಪತ್ರೇಲಿದ್ದರು. ಸಿಂಗಾಪುರದಲ್ಲಿ, ಅಷ್ಟು ಜೋಪಾನ ಮಾಡಿದ ಮೇಲೂ, ಪಾಸ್‌ಪೋರ್ಟ್, ವೀಸಾ, ಬೈಕಿನ ಕಾಗದ ಎಲ್ಲ ಕಳುವಾಯಿತು. ಅವನ್ನೆಲ್ಲ ಮತ್ತೆ ಮಾಡಿಸಿಕೊಳ್ಳೋಕೆ ವಾರಗಟ್ಟಲೆ ಅಲೆದಾಟ. ಪೆನಾಂಗ್‌ನಿಂದ ಹಡಗಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ಕಲ್ಕತ್ತಾ, ಕಠ್ಮಂಡು. ಅದು 1984, ಪಂಜಾಬ್ ಉರೀತಿದ್ದ ವರ್ಷ, ಆ ಕಡೆಯಿಂದ ದಾಟೋದೇ ಒಂದು ದೊಡ್ಡ ಕಥೆ. ಪಾಕಿಸ್ತಾನ, ಇರಾನ್, ಟರ್ಕಿ ಮೇಲೆ ಮನೆ. ಒಟ್ಟು 35,000 ಮೈಲಿ.

ಮನೆಗೆ ಬಂದಮೇಲೆ ಯಾರೂ ಕೇಳಲಿಲ್ಲ. ಪತ್ರಿಕೆಗಳು ಮೂಸಿ ನೋಡಲಿಲ್ಲ. ಓದು ಮುಗಿಸಿದರು, ಆರ್ಕಿಟೆಕ್ಟ್ ಆದರು, ಆ ಬೈಕ್ ಮನೇಲೇ ಇಟ್ಟುಕೊಂಡರು. ಅವರ ಪುಸ್ತಕ ಬಂದದ್ದು 2017ರಲ್ಲಿ, ಮೂವತ್ತಮೂರು ವರ್ಷ ಆದಮೇಲೆ. ಅಷ್ಟರಲ್ಲಿ ಅಂಥದೇ ಡಬ್ಬಿ ಮಾಡೋ ಕಂಪನಿಗಳು ಎಷ್ಟೋ ಬಂದು, ಬೆಳೆದು, ಶೋರೂಂ ತೆಗೆದಿದ್ದವು.

ಆ ಬೆಳವಣಿಗೆಗೆ ದೊಡ್ಡ ತಳ್ಳು ಸಿಕ್ಕಿದ್ದು 2004ರಲ್ಲಿ. ಇವಾನ್ ಮೆಕ್‌ಗ್ರೆಗರ್, ಚಾರ್ಲಿ ಬೂರ್ಮನ್ ಅನ್ನೋ ಇಬ್ಬರು ನಟರು ಲಂಡನ್‌ನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ಮುಟ್ಟಿದ ಲಾಂಗ್ ವೇ ರೌಂಡ್ ಅನ್ನೋ ಟಿವಿ ಸರಣಿ. ಕೆಟಿಎಂ ಬೈಕ್ ಕೊಡೋಕೆ ಒಪ್ಪಲಿಲ್ಲ, ಬಿಎಂಡಬ್ಲ್ಯೂ ಕೊಟ್ಟಿತು. ಆರ್1150 ಜಿಎಸ್ ಅಡ್ವೆಂಚರ್. ಟ್ಯಾಂಕ್ 30 ಲೀಟರ್, ಖಾಲಿ ಡಬ್ಬಿಗೂ ಮುಂಚೆಯೇ 250 ಕೆಜಿ ದಾಟೋ ಗಾಡಿ. ಜೊತೆಗೆ ಸಪೋರ್ಟ್ ಗಾಡಿಗಳು ಬೇರೆ. ಕೆಟಿಎಂನಲ್ಲಿ ಆ ತೀರ್ಮಾನ ತಗೊಂಡವರ ಬಗ್ಗೆ ಒಂದು ಕೇಸ್ ಸ್ಟಡಿ ಮಾಡಬಹುದು, ಅಷ್ಟು ಜನ ಆ ಸರಣಿ ನೋಡಿ ಜಿಎಸ್ ಕೊಂಡರು.

ನನಗೆ ಅದರಲ್ಲಿ ಇಷ್ಟವಾದ ಭಾಗ ಮಂಗೋಲಿಯಾ. ಕ್ಯಾಮೆರಾಮನ್ ಕ್ಲಾಡಿಯೋ ಫಾನ್ ಪ್ಲಾಂಟಾನ ಬೈಕಿನ ಫ್ರೇಮ್ ಆ ದಾರಿಗೆ, ಆ ಭಾರಕ್ಕೆ ಮುರೀತು. ಅಲ್ಲೇ ಊರಲ್ಲಿ ಸಿಕ್ಕ ಒಂದು ಕೆಂಪು ಬಣ್ಣದ ರಷ್ಯನ್ ಬೈಕ್ ಕೊಂಡರು, ಇಜ್ ಪ್ಲಾನೆಟಾ. ಟೂ-ಸ್ಟ್ರೋಕ್, ಹಳೇ ವಿನ್ಯಾಸ, ಬಿಎಂಡಬ್ಲ್ಯೂಗಿಂತ ಎಷ್ಟೋ ಹಗುರ. ಅದರ ಫೋಟೋ ನಮ್ಮ ದೊಡ್ಡಮಾವನಿಗೆ ತೋರಿಸಿದೆ. "ಏ, ಇದು ನಮ್ ಯೆಜ್ಡಿ ನೆಂಟ ಇದ್ದಂಗಿದೆ ಕಣೋ" ಅಂದರು.

ದೊಡ್ಡಮಾವನ ಬಗ್ಗೆ ಹೇಳಲೇಬೇಕು. ಮೈಸೂರಿನವರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತಲ್ಲ, 1961ರಿಂದ ಜೆಕ್ ಜಾವಾ ಬೈಕ್‌ಗಳನ್ನ ಇಲ್ಲೇ ಮಾಡ್ತಿದ್ದರು, 1973ರಿಂದ ಅದಕ್ಕೆ ಯೆಜ್ಡಿ ಅಂತ ಹೆಸರು. 1996ಕ್ಕೆ ಬಾಗಿಲು ಹಾಕಿತು. ಮಾವನ ಹತ್ತಿರ ಇದ್ದದ್ದು ರೋಡ್‌ಕಿಂಗ್. ಕಿಕ್ಕರ್ರೂ ಅದೇ, ಗೇರ್ ಲಿವರ್ರೂ ಅದೇ. ಕಿಕ್ ಹೊಡೆದು ಮುಂದಕ್ಕೆ ಮಡಚಿದರೆ ಗೇರ್ ಆಗುತ್ತೆ. ಎಂಬತ್ತರ ದಶಕದಲ್ಲಿ ಮಾವ, ಅವರ ಒಬ್ಬ ಸ್ನೇಹಿತ ಇಬ್ಬರೂ ಒಂದೇ ಬೈಕಲ್ಲಿ ಮೈಸೂರಿಂದ ಕನ್ಯಾಕುಮಾರಿಗೆ ಹೋಗಿ ಬಂದಿದ್ದರು. ಡ್ಯುಯಲ್-ಸ್ಪೋರ್ಟ್ ಅನ್ನೋ ಪದ ಅವರಿಗೆ ಗೊತ್ತಿಲ್ಲ. ರಸ್ತೆ ಇದ್ದರೆ ರಸ್ತೆ, ಇಲ್ಲದಿದ್ದರೆ ಇಲ್ಲ.

ಏನು ತಗೊಂಡು ಹೋಗಿದ್ರಿ ಮಾವ ಅಂದೆ.

"ಏನ್ ತಗೊಂಡ್ ಹೋಗೋದು? ಒಂದು ಟೂ-ಟಿ ಆಯಿಲ್ ಡಬ್ಬ. ಒಂದು ಪ್ಲಗ್ಗು, ಉಜ್ಜಕ್ಕೆ ಒಂದು ತುಂಡು ಪಾಲಿಶ್ ಪೇಪರ್ರು. ಒಂದು ಪಂಚೆ. ಕ್ಲಚ್ ವೈರ್ ಮೊದಲೇ ಬೈಕಿಗೆ ಕಟ್ಟಿದ್ದೆ."

ಕಟ್ಟಿದ್ದೆ ಅಂದ್ರೆ?

"ಇರೋ ವೈರ್ ಪಕ್ಕದಲ್ಲೇ ಇನ್ನೊಂದು ಹೊಸಾದು ಎಳೆದು, ಟೇಪ್ ಸುತ್ತಿ ಬಿಟ್ಬುಡೋದು. ಇದು ಕಿತ್ಕೊಂಡ್ರೆ ತುದಿ ಬದಲಾಯಿಸ್ಕೊಂಡ್ರಾಯ್ತು, ಐದು ನಿಮಿಷ."

ಈ ಉಪಾಯವನ್ನ ನಾನು ಹೊರದೇಶದ ಅಡ್ವೆಂಚರ್ ರೈಡರ್‌ಗಳ ವಿಡಿಯೋದಲ್ಲಿ ಪ್ರೊ ಟಿಪ್ ಅಂತ ನೋಡಿದ್ದೆ. ಮಾವನಿಗೆ ಅದನ್ನ ಹೇಳಿಕೊಟ್ಟದ್ದು ಅವರ ಬೀದಿಯ ಮೆಕ್ಯಾನಿಕ್.

ನಾನು ಹೊರಡೋ ಹಿಂದಿನ ದಿನ ಮಾವ ಮನೆಗೆ ಬಂದಿದ್ದರು. ಗೇಟಿನ ಹತ್ತಿರ ನಿಂತು ಬೈಕ್ ಸುತ್ತ ಎರಡು ಸುತ್ತು ಹಾಕಿ, "ಇದೇನೋ ಇದು, ಬೈಕೋ ಬೀರೂನೋ?" ಅಂದಿದ್ದರು. ನಾನು ನಕ್ಕಿದ್ದೆ.

ನಮ್ಮ ದೇಶದಲ್ಲಿ ಕಂಪನಿಗಳೇ ಇಂಥ ಬೈಕ್ ಕೊಟ್ಟದ್ದು ಇತ್ತೀಚೆಗೆ. 2011ರಲ್ಲಿ ಹೀರೋ ಇಂಪಲ್ಸ್, 150 ಸಿಸಿ. ಒಳ್ಳೇ ಬೈಕು, ಆದರೆ ಮಾರುಕಟ್ಟೆ ಅದಕ್ಕೆ ರೆಡಿ ಇರಲಿಲ್ಲ, ನಿಂತುಹೋಯಿತು. ಈಗ ಸೆಕೆಂಡ್ ಹ್ಯಾಂಡ್ ಹುಡುಕಿ ಅಲೀತಾರೆ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ಮುಗಿಸಿದ ಮೊದಲ ಭಾರತೀಯ ಆದರು, 36ನೇ ಸ್ಥಾನ. ನಿಮಗೆಲ್ಲ ಬಿಗ್ ಬಾಸ್‌ನಿಂದ ಗೊತ್ತಿರೋ ಉಡುಪಿಯ ಅರವಿಂದ್ ಕೆ.ಪಿ. ಕೂಡ 2019ರಲ್ಲಿ ಡಕಾರ್ ಮುಗಿಸಿದವರು. ಅದು ಬಿಗ್ ಬಾಸ್‌ಗಿಂತ ಕಷ್ಟ ಅಂತ ನನ್ನ ಅಭಿಪ್ರಾಯ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು. 411 ಸಿಸಿ, ಮುಂದೆ 21 ಇಂಚಿನ ಚಕ್ರ, 15 ಲೀಟರ್ ಟ್ಯಾಂಕ್, ಟ್ಯಾಂಕಿನ ಪಕ್ಕದಲ್ಲಿ ಜೆರ್ರಿ ಕ್ಯಾನ್ ಕಟ್ಟೋಕೆ ಕಂಬಿ. ಅಲ್ಲಿಂದಾಚೆ ನಮ್ಮಲ್ಲೂ ಡಬ್ಬಿ, ಕ್ರ್ಯಾಶ್ ಗಾರ್ಡ್, ಫಾಗ್ ಲ್ಯಾಂಪ್ ವ್ಯಾಪಾರ ಶುರು. ಬೈಕ್ ಒಂದು ಸಲ ಮಾರಬಹುದು, ಆಕ್ಸೆಸರಿ ತಿಂಗಳು ತಿಂಗಳು ಮಾರಬಹುದು. ಮಾರ್ಜಿನ್ ಇರೋದು ಅಲ್ಲಿ. ಇದನ್ನ ಎರಡನೇ ಸೆಮಿಸ್ಟರ್‌ನಲ್ಲೇ ಓದಿದ್ದೆ. ಓದಿಯೂ 58,000 ರೂಪಾಯಿ ಸಾಮಾನನ್ನ ಒಂಬತ್ತು ತಿಂಗಳ ಇಎಂಐ ಮೇಲೆ ತಗೊಂಡೆ. ಕೊನೇ ಮೂರು ಕಂತು ಕಟ್ಟಿದ್ದು ಪ್ಲಾಸ್ಟರ್ ಹಾಕ್ಕೊಂಡು.

ಆಗಸ್ಟ್ ಕೊನೇ ವಾರ. ಸ್ಪಿತಿಗೆ ಹೋಗೋ ಗ್ರಾಂಫು-ಬಾತಲ್ ದಾರಿ. ಗೊತ್ತಿರೋರಿಗೆ ಗೊತ್ತು, ಅದು ರಸ್ತೆ ಅಂತ ಕರೆಸಿಕೊಳ್ಳೋದೇ ಒಂದು ಗೌರವ. ಕಲ್ಲು, ಮಧ್ಯೆ ಮಧ್ಯೆ ಹಿಮ ಕರಗಿ ಹರಿಯೋ ನೀರು. ಬೆಳಿಗ್ಗೆ ಕಡಿಮೆ ಇರುತ್ತೆ, ಮಧ್ಯಾಹ್ನ ಬಿಸಿಲೇರಿದ ಹಾಗೆ ಹೆಚ್ಚುತ್ತೆ. ನಾನು ಮಧ್ಯಾಹ್ನ ದಾಟೋಕೆ ಹೋದೆ, ಅದು ಮೊದಲ ತಪ್ಪು. ನೀರೊಳಗೆ ಮುಂದಿನ ಚಕ್ರ ಕಲ್ಲಿಗೆ ತಗುಲಿ ಬೈಕ್ ಎಡಕ್ಕೆ ವಾಲಿತು. ಎಲ್ಲರೂ ಮಾಡೋ ಹಾಗೆ ಎಡಗಾಲು ಕೆಳಗೆ ಇಟ್ಟೆ. ಬೈಕ್ ಇನ್ನೂ ಮುಂದಕ್ಕೆ ಹೋಗ್ತಿತ್ತು. ಕಾಲು ನಿಂತಲ್ಲೇ ಇದೆ, ಹಿಂದಿನಿಂದ ಡಬ್ಬಿ ಬಂದು ಮೀನಖಂಡಕ್ಕೆ ಹೊಡೆದು, ಬೈಕ್ ಅದರ ಮೇಲೆ ಮಲಗಿತು. ಶಬ್ದ ಕೇಳಿಸಿತು. ನೀರಿನ ಸದ್ದಿನಲ್ಲೂ ಕೇಳಿಸಿತು.

ಬಟ್ಟೆ ಚೀಲ ಆಗಿದ್ದರೆ ಮೆತ್ತಗೆ ಒತ್ತಿಕೊಳ್ತಿತ್ತು. ಅಲ್ಯೂಮಿನಿಯಂ ಡಬ್ಬಿಗೆ ಮೂಲೆ ಇರುತ್ತೆ. ಮಣ್ಣು, ಮರಳು, ನೀರಲ್ಲಿ ಓಡಿಸೋ ಅನುಭವಸ್ಥರು ಗಟ್ಟಿ ಡಬ್ಬಿ ಬೇಡ, ಇದ್ದರೂ ಕಾಲನ್ನ ಫುಟ್‌ಪೆಗ್ ಮೇಲಿಂದ ತೆಗೀಬೇಡಿ ಅಂತ ಹೇಳೋದು ಇದಕ್ಕೇ. ನನಗೆ ಯಾರೂ ಹೇಳಿರಲಿಲ್ಲ ಅಂತಲ್ಲ. ಓದಿದ್ದೆ. ಬೀಗ ಇದೆಯಲ್ಲ, ಲುಕ್ ಇದೆಯಲ್ಲ ಅಂತ ತಗೊಂಡಿದ್ದೆ.

ಹಿಮದ ನೀರಲ್ಲಿ ಕಾಲು ಸಿಕ್ಕಿಕೊಂಡು ಹತ್ತು ನಿಮಿಷ. ಒಬ್ಬನೇ ಎತ್ತೋಕೆ ಆಗಲಿಲ್ಲ. ಬೈಕ್ ಎರಡು ಕ್ವಿಂಟಾಲ್ ಹತ್ತಿರ, ಅದರ ಮೇಲೆ ಈ 43. ಒಂದು ಲಾರಿ ಬಂತು. ಡ್ರೈವರ್, ಕ್ಲೀನರ್ ಇಬ್ಬರೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೀರಿಗಿಳಿದರು. ಬೈಕ್ ಎತ್ತಿ ದಡಕ್ಕೆ ಹಾಕಿ, ನನ್ನನ್ನ ಕ್ಯಾಬಿನ್‌ನಲ್ಲಿ ಕೂರಿಸಿ, ಕಾಲಿಗೆ ಕಟ್ಟೋಕೆ ಏನಾದರೂ ಇದೆಯಾ ಅಂದರು. ನನ್ನ ಫಸ್ಟ್ ಏಡ್ ಕಿಟ್ ಎಡಗಡೆ ಡಬ್ಬಿಯಲ್ಲಿತ್ತು. ಡಬ್ಬಿ ಜಜ್ಜಿಹೋಗಿ ಮುಚ್ಚಳ ತೆಗೆಯೋಕೇ ಬರಲಿಲ್ಲ. ಕ್ಲೀನರ್ ಹುಡುಗ ತನ್ನ ಮಫ್ಲರ್ ಬಿಚ್ಚಿ, ಲಾರಿಯ ಒಂದು ಮರದ ಪಟ್ಟಿ ಇಟ್ಟು ಕಟ್ಟಿದ. ನಡುಗ್ತಿದ್ದೆ ಅಂತ ಟೀ ಕೊಟ್ಟರು. ಮನಾಲಿವರೆಗೆ ಲಾರಿಯಲ್ಲೇ ಬಂದೆ. ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ, ಟೀ ದುಡ್ಡೂ ತಗೊಳ್ಳಲಿಲ್ಲ. ಆ ಮಫ್ಲರ್ ಇನ್ನೂ ನನ್ನ ಹತ್ತಿರ ಇದೆ.

ಮನೆಗೆ ಬಂದಮೇಲೆ ತಕ್ಕಡಿ ಕಥೆ. 43 ಕೆಜಿಯಲ್ಲಿ ಏನಿತ್ತು ಅಂತ ಎಕ್ಸೆಲ್ ಶೀಟ್ ಮಾಡಿದೆ, ಅಭ್ಯಾಸ ಬಲ. ಖಾಲಿ ಡಬ್ಬಿ, ಅದರ ಫ್ರೇಮೇ 17. ಕ್ಯಾಂಪಿಂಗ್ ಸ್ಟೋವ್, ಎರಡು ಪಾತ್ರೆ, ಒಂದು ಸಲವೂ ಹಚ್ಚಲಿಲ್ಲ, ಎಲ್ಲ ಕಡೆ ಢಾಬಾ ಇತ್ತು. ಐದು ಲೀಟರ್ ಪೆಟ್ರೋಲ್ ಕ್ಯಾನ್, ಎರಡು ಪವರ್ ಬ್ಯಾಂಕ್, ಡ್ರೋನ್, ಮಡಚೋ ಕುರ್ಚಿ. ಹೌದು, ಕುರ್ಚಿ. ಉಪಯೋಗಕ್ಕೆ ಬಂದದ್ದು ಮುಂದಿನ ಚಕ್ರದ ಟ್ಯೂಬ್, ಟೈರ್ ಲಿವರ್, ಪಂಪ್, ಮಳೆ ಕೋಟು, ಎರಡು ಜೊತೆ ಬಟ್ಟೆ, ಕಾಗದಪತ್ರ. ಒಟ್ಟು 9 ಕೆಜಿ. ಅಂದಹಾಗೆ ಟ್ಯೂಬ್ ಒಂದೇ ಇಟ್ಟುಕೊಳ್ಳೋದಾದರೆ ಮುಂದಿನದ್ದೇ ಇಟ್ಟುಕೊಳ್ಳಿ. ಕಷ್ಟಕ್ಕೆ ಅದನ್ನ ಮಡಚಿ ಹಿಂದಿನ ಚಕ್ರಕ್ಕೂ ತುರುಕಬಹುದು, ಪಂಚರ್ ಅಂಗಡಿವರೆಗೆ ಓಡುತ್ತೆ. ಹಿಂದಿನದನ್ನ ಮುಂದಕ್ಕೆ ಹಾಕೋಕೆ ಬರಲ್ಲ. ಭಾರದ್ದೆಲ್ಲ ಕೆಳಗೆ, ಆದಷ್ಟು ಮುಂದಕ್ಕೆ. ನೀರು, ಟೂಲ್ಸ್ ಟಾಪ್ ಬಾಕ್ಸ್‌ನಲ್ಲಿ ಹಾಕಿದರೆ ಮುಂದಿನ ಚಕ್ರ ಹಗುರ ಆಗಿ ಹ್ಯಾಂಡಲ್ ತೇಲುತ್ತೆ. ನನಗೆ ಆದದ್ದು ಅದೂ ಹೌದು.

ಮುಂದಿನ ತಿಂಗಳು ಮತ್ತೆ ಹೊರಡ್ತಿದ್ದೀನಿ. ಡಾಕ್ಟರ್ ಒಪ್ಪಿದ್ದಾರೆ, ಅಮ್ಮ ಇನ್ನೂ ಒಪ್ಪಿಲ್ಲ. ಈ ಸಲ ಎರಡು ಬಟ್ಟೆ ಚೀಲ, ಕ್ಯಾನ್ವಾಸಿನದು, ಶಿವಾಜಿನಗರದಲ್ಲಿ ಸೀಟ್ ಕವರ್ ಹೊಲಿಯೋರ ಹತ್ತಿರ ಅಳತೆ ಕೊಟ್ಟು ಹೊಲಿಸಿದ್ದು. ಕ್ಲಚ್ ವೈರ್ ಮಾವನೇ ಬಂದು ಪಕ್ಕದಲ್ಲಿ ಎಳೆದು ಕಟ್ಟಿಕೊಟ್ಟರು, ಎರಡು ಗಂಟೆ ತಗೊಂಡರು, ಐದು ನಿಮಿಷ ಅಂದಿದ್ದು ಸುಳ್ಳು.

ಡಬ್ಬಿಗಳನ್ನ ಹೋದ ವಾರ ಮಾರಿದೆ. ಎಡಗಡೆಯದು ತಗ್ಗಾಗಿತ್ತು, ಅದನ್ನ ಹೇಳಿಯೇ ಕಡಿಮೆ ದುಡ್ಡಿಗೆ ಕೊಟ್ಟೆ. ಕೊಂಡವನು ಇಪ್ಪತ್ತೆರಡರ ಹುಡುಗ, ಕೆಲಸಕ್ಕೆ ಸೇರಿ ಆರು ತಿಂಗಳು, ಲಡಾಖ್‌ಗೆ ಹೊರಟಿದ್ದಾನೆ. ನಾನು ನಡೆದದ್ದೆಲ್ಲ ಹೇಳಿದೆ, ಕಾಲಿನ ಗಾಯದ ಗುರುತೂ ತೋರಿಸಿದೆ. "ಅಣ್ಣಾ, ನಾನು ಹುಷಾರಾಗಿ ಓಡಿಸ್ತೀನಿ" ಅಂದ. ಎಡಗಡೆ ತಗ್ಗಿನ ಮೇಲೆ ಸ್ಟಿಕ್ಕರ್ ಹಾಕಿದರೆ ಕಾಣಲ್ಲ ಅಲ್ವಾ ಅಂತ ಕೇಳಿದ. ಕಾಣಲ್ಲ ಅಂದೆ. ಲಡಾಖ್‌ನಲ್ಲಿ ನೀರು ದಾಟೋದಿದ್ದರೆ ಬೆಳಿಗ್ಗೆ ದಾಟು, ಕಾಲು ಪೆಗ್ ಮೇಲೇ ಇರಲಿ ಅಂತ ಎರಡು ಸಲ ಹೇಳಿ, ನನ್ನ ನಂಬರ್ ಕೊಟ್ಟು ಕಳಿಸಿದೆ. ಇನ್ನೂ ಫೋನ್ ಮಾಡಿಲ್ಲ.

ಮುಂದಿನ ವಾರ ಸಿಗೋಣ.